ನೀಲಿ ಮುಚ್ಚಳದ ಮೇಲೆ ಜೇನುಹುಳ

ನಮ್ಮ ಬೀದಿ ಹೆದ್ದಾರಿಗೆ ಸೇರುವ ತಿರುವಿನಲ್ಲಿ ಒಂದು ಲಾರಿ ಗ್ಯಾರೇಜಿದೆ. ಅದರ ಒಡತಿಗೆ ತಂದೆ ತಾಯಿ ಇಟ್ಟ ಹೆಸರು ಬೇರೆಯೇ ಇದ್ದರೂ ಚಾಲಕರೆಲ್ಲ ಕರೆಯುವುದು ಹೊಗೆಯಕ್ಕ ಎಂದು. ಶಾಲೆಯಲ್ಲಿ ಮೂರು ವರ್ಷ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಆಗಲೇ ಅವಳಿಗೊಂದು ಚಾಳಿ. ಕೈಗೆ ಸಿಕ್ಕಿದ್ದನ್ನೆಲ್ಲ ಮೊದಲು ಮೂಸುವುದು. ಹೊಸ ಪುಸ್ತಕ, ಬಳಪ, ಶಾಯಿ, ಪಕ್ಕದವಳ ಬುತ್ತಿ, ಯಾವುದನ್ನೂ ಬಿಟ್ಟವಳಲ್ಲ.

ಒಮ್ಮೆ ನಾನು ಗಾಜಿನ ಲೋಟದ ನೀರಿನಲ್ಲಿ ಪೆನ್ಸಿಲ್ ಇಳಿಬಿಟ್ಟು, ಬೆಳಕು ಬಾಗುವುದರಿಂದ ಅದು ಮುರಿದಂತೆ ಕಾಣುವುದೆಂದು ತೋರಿಸುತ್ತಿದ್ದೆ. ಅವಳು ಎದ್ದು ನಿಂತು, "ಮೇಷ್ಟ್ರೇ, ಉಪ್ಪುನೀರಲ್ಲಿ ಇನ್ನೂ ಜಾಸ್ತಿ ಬಾಗುತ್ತಾ?" ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನಲು ಬಾಯಿ ಬರಲಿಲ್ಲ. "ಪಾಠದಲ್ಲಿ ಇಲ್ಲದ್ದನ್ನು ಕೇಳಬೇಡ, ಕೂತ್ಕೋ" ಎಂದು ಗದರಿದೆ. ಮರುದಿನ ಅವಳು ಎರಡು ಲೋಟ ತಂದು ನನ್ನ ಮೇಜಿನ ಮೇಲಿಟ್ಟಳು. ಒಂದರಲ್ಲಿ ಉಪ್ಪು ಕರಗಿಸಿದ್ದಳು, ಇನ್ನೊಂದರಲ್ಲಿ ಸಕ್ಕರೆ. "ಎರಡರಲ್ಲೂ ಜಾಸ್ತಿ ಬಾಗುತ್ತೆ ಮೇಷ್ಟ್ರೇ. ಆದ್ರೆ ಯಾವುದು ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ. ನೆಕ್ಕಿ ನೋಡ್ಬೇಕು." ಇಡೀ ತರಗತಿಯ ಮುಂದೆ ನಾನು ನೆಕ್ಕಿದೆ. ನನ್ನ ಪಾಲಿಗೆ ಬಂದದ್ದು ಉಪ್ಪಿನದು.

ಅವಳ ತಂದೆ ಲಾರಿ ಚಾಲಕರು. ಶಾಲೆ ಮುಗಿದ ಮೇಲೆ ಅವಳು ಸೋದರಮಾವನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದಳು. ಅಲ್ಲಿಯೇ ಬೆಸುಗೆ ಕೆಲಸದವನನ್ನು ಮೆಚ್ಚಿ ಮದುವೆಯಾದಳು. ಆಮೇಲೆ ಹೊಸ ಬಗೆಯ ಲಾರಿಗಳು ಬಂದವು. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಇನ್ನೊಂದು ಪುಟ್ಟ ಟ್ಯಾಂಕು. ಅದರೊಳಗೆ ಯೂರಿಯಾ ಕರಗಿಸಿದ ನೀರು. ಅದು ಕಾದ ಹೊಗೆಯ ಮೇಲೆ ಸಣ್ಣಗೆ ಚಿಮುಕಿದರೆ ಹೊಗೆಯೊಳಗಿನ ವಿಷಗಾಳಿ ನಿರಪಾಯವಾಗಿ ಹೊರಗೆ ಹೋಗುತ್ತದೆ. ಹೊಗೆ ಶುದ್ಧವಾಗುತ್ತಿಲ್ಲವೆಂದು ಲಾರಿಯ ಕಂಪ್ಯೂಟರಿಗೆ ಅನ್ನಿಸಿದರೆ ಮೊದಲು ದೀಪ ಹೊತ್ತಿಸುತ್ತದೆ, ಆಮೇಲೆ ಎಂಜಿನ್ನಿನ ಕಸುವು ಇಳಿಸುತ್ತದೆ, ಅದಕ್ಕೂ ಜಗ್ಗದಿದ್ದರೆ ಲಾರಿಯನ್ನು ನಡಿಗೆಯ ವೇಗಕ್ಕೆ ಕಟ್ಟಿಹಾಕುತ್ತದೆ. "ಲಾರಿಗೆ ಉಚ್ಚೆ ಕುಡಿಸೋ ಕಾಲ ಬಂತು, ನನ್ನ ಕೈಲಾಗಲ್ಲ ಮಗಳೇ" ಎಂದು ಸೋದರಮಾವ ಕೈಮುಗಿದುಬಿಟ್ಟರು. ಇವಳು ಮಾತ್ರ ಆ ಟ್ಯಾಂಕಿನ ಮುಚ್ಚಳ ತೆಗೆದು, ಮೂಗು ಹತ್ತಿರ ಒಯ್ದಳು.

ಅವಳ ಗ್ಯಾರೇಜಿನ ಗೋಡೆಯ ಮೇಲೆ ನಮ್ಮ ಶಾಲೆಯ ಹಳೆಯ ಕರಿಹಲಗೆ ಇದೆ. ಶಾಲೆಯವರು ಎಸೆಯಲಿದ್ದುದನ್ನು ನಾನೇ ಅವಳಿಗೆ ಕೊಡಿಸಿದ್ದೆ. ಪ್ರತಿ ಲಾರಿಗೂ ಒಂದು ಸಾಲು: ಏನಾಗಿತ್ತು, ಹೇಗೆ ಗೊತ್ತಾಯಿತು. ಯಾರು ಮಾಡಿದರೆಂಬುದಕ್ಕೆ ಅಲ್ಲಿ ಜಾಗವಿಲ್ಲ.

ಕಳೆದ ಬೇಸಿಗೆಯ ಒಂದು ಮುಂಜಾನೆ ವಾಯುವಿಹಾರ ಮುಗಿಸಿ ನಾನು ಅಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಏಳು ಗಂಟೆಯಿರಬೇಕು. ಹೆದ್ದಾರಿಯಲ್ಲಿ ಒಂದು ಭಾರಿ ಲಾರಿ ತೆವಳುತ್ತ ಬಂತು. ಅದರ ಮುಂದೆ ಒಬ್ಬ ಹೆಂಗಸು ತಲೆಗೆ ಬಟ್ಟೆ ಸುತ್ತಿಕೊಂಡು ದಾಪುಗಾಲು ಹಾಕುತ್ತಿದ್ದಳು. ಲಾರಿಗಿಂತ ಅವಳೇ ಮುಂದೆ! ಹಾಲಿನವನ ಸೈಕಲ್ಲು ಲಾರಿಯನ್ನು ಹಿಂದೆ ಹಾಕಿ ಗಂಟೆ ಬಾರಿಸಿಕೊಂಡು ಹೋಯಿತು. ಲಾರಿಯ ಮೇಲೆ ಬಲೆ ಹೊದಿಸಿದ್ದರು. ಬಲೆಯೊಳಗಿನಿಂದ ಗುಂಯ್ ಎಂಬ ದೊಡ್ಡ ಸದ್ದು.

"ಹೊಗೆಯಕ್ಕ ಯಾರು?" ಎಂದು ಆ ಹೆಂಗಸು ಏದುಸಿರಿನಲ್ಲೇ ಕೇಳಿದಳು. "ನೂರಿಪ್ಪತ್ತು ಪೆಟ್ಟಿಗೆ ಜೇನು ಇದೆ ತಾಯಿ. ಸೂರ್ಯಕಾಂತಿ ಹೊಲಕ್ಕೆ ಇನ್ನು ಅರವತ್ತು ಕಿಲೋಮೀಟರ್. ಇದು ಗಂಟೆಗೆ ಎಂಟರ ಮೇಲೆ ಹೋಗಲ್ಲ ಅಂತ ಹಠ ಹಿಡಿದಿದೆ. ಬಿಸಿಲೇರೋದ್ರೊಳಗೆ ಹೊಲ ಸೇರದಿದ್ರೆ ಒಳಗೇ ಬೆಂದುಹೋಗ್ತವೆ."

"ಇಲ್ಲೇ ಬಾಗಿಲು ತೆಗೆದು ಬಿಟ್ಟರಾಗದೇ?" ಎಂದೆ ನಾನು.

"ಬಿಟ್ರೆ ನಿಮ್ಮ ಬೀದಿ ತುಂಬ ಹಾರ್ತವೆ. ಆಮೇಲೆ ವಾಪಸ್ ಕರೆಯೋಕೆ ಅವೇನು ಶಾಲೆ ಮಕ್ಕಳಾ, ಗಂಟೆ ಹೊಡೆದ್ರೆ ಬರೋಕೆ?"

ಚಾಲಕ ಇಳಿದು ಬಂದ. ಆಕೆಯ ಮೈದುನ. ಹಿಂದಿನ ಊರಿನ ಗ್ಯಾರೇಜಿನಲ್ಲಿ ಹೊಗೆ ಅಳೆಯುವ ಸೆನ್ಸರ್ ಕೆಟ್ಟಿದೆಯೆಂದು ಹೊಸದನ್ನು ಹಾಕಿ ದೀಪ ಆರಿಸಿ ಕಳುಹಿಸಿದ್ದರು. ಬೆಳಗಾಗುವಷ್ಟರಲ್ಲಿ ದೀಪ ಮತ್ತೆ ಹೊತ್ತಿತ್ತು, ಲಾರಿ ಕಾಲು ಕಟ್ಟಿಸಿಕೊಂಡಿತ್ತು. ಅವನು ದನಿ ತಗ್ಗಿಸಿದ. "ಅಕ್ಕ, ಆ ಕಂಪ್ಯೂಟರಿಗೆ ಏನೋ ಒಂದು ಪೆಟ್ಟಿಗೆ ಸಿಗಿಸಿ ಮೋಸ ಮಾಡಬಹುದಂತಲ್ಲ? ಹತ್ತು ನಿಮಿಷದ ಕೆಲಸವಂತೆ."

"ಹೌದು, ಮಾಡಬಹುದು. ಆಮೇಲೆ ನಿನ್ನ ಹೊಗೆ ನೇರ ನಿನ್ನ ಜೇನಿನ ಮೂಗಿಗೆ, ಇಲ್ಲಿ ಕೂತಿರೋ ಮೇಷ್ಟ್ರ ಮೂಗಿಗೆ. ನಮ್ಮಪ್ಪ ಮೂವತ್ತು ವರ್ಷ ಆ ಗಾಳಿ ಕುಡಿದು ಕೆಮ್ಮಿದ್ದು ಸಾಕು. ಬಾನೆಟ್ ಎತ್ತು."

ಸ್ಕ್ಯಾನರ್ ಜೋಡಿಸಿದಳು. ಎಂಜಿನ್ನಿನಿಂದ ಬರುವ ವಿಷಗಾಳಿಯ ಅಳತೆ ಐನೂರ ಇಪ್ಪತ್ತು. ಸೈಲೆನ್ಸರಿನಿಂದ ಹೊರಬೀಳುವುದು ಐನೂರ ಹತ್ತು. "ನೋಡಿ ಮೇಷ್ಟ್ರೇ, ಒಳಗೆ ಹೋದದ್ದು ಹಾಗೇ ಹೊರಗೆ ಬರ್ತಿದೆ. ಹೊಸ ಸೆನ್ಸರೂ ಹಳೇದು ಹೇಳಿದ್ದನ್ನೇ ಹೇಳ್ತಿದೆ. ಪಾಪ, ಹಳೇದು ಸುಳ್ಳು ಹೇಳಿರ್ಲಿಲ್ಲ. ಚಾಡಿ ಹೇಳಿದವನಿಗೇ ಒದ್ದು ಕಳಿಸಿದಾರೆ."

ಹಾಗಾದರೆ ಯೂರಿಯಾ ನೀರು ಚಿಮುಕುತ್ತಿಲ್ಲವೇ? ಚಿಮುಕಿಸುವ ನಳಿಕೆ ಬಿಚ್ಚಿ ಅಳತೆಯ ಜಾಡಿಯೊಳಗೆ ಬಿಟ್ಟಳು. ಸ್ವಲ್ಪ ಮಂದವಾದರೂ ಚಿಮುಕುತ್ತಿತ್ತು. ನೀರು ಬೆರೆತು ತೆಳ್ಳಗಾಗಿದೆಯೇ? ಸಣ್ಣ ದುರ್ಬೀನಿನಂಥ ಕೊಳವೆಯೊಂದನ್ನು ತಂದು, ಅದರ ಗಾಜಿನ ಮೇಲೆ ಟ್ಯಾಂಕಿನ ಒಂದು ಹನಿ ಬಿಟ್ಟು, ಬೆಳಕಿಗೆ ಹಿಡಿದು ನೋಡಿದಳು. ಗೆರೆ ಎಲ್ಲಿ ನಿಲ್ಲಬೇಕೋ ಅಲ್ಲಿಯೇ ನಿಂತಿತ್ತು. ಎಂಟು ಗಂಟೆಯಾಯಿತು. ಬಿಸಿಲು ಎದುರಿನ ಗೋಡೆಯಿಂದ ಜಾರಿ ಲಾರಿಯ ಟೈರಿಗೆ ತಾಗಿತು. ಗುಂಯ್ ಸದ್ದು ಏರಿತು.

"ಅತ್ತಿಗೆ, ಪೆಟ್ಟಿಗೇನ ಬೇರೆ ಲಾರಿಗೆ ಏರಿಸೋಣ" ಎಂದ ಚಾಲಕ.

"ಏರಿಸೋಕೆ ಮೂರು ಗಂಟೆ ಬೇಕು ಕಣೋ. ಸುಮ್ನಿರು" ಎಂದಳು ಜೇನಿನವಳು. ಬಳಿಕ ಹೊಗೆಯಕ್ಕನ ಕೈಯಲ್ಲಿದ್ದ ಕೊಳವೆಯನ್ನು ನೋಡಿ, "ಇಂಥದು ನನ್ನ ಹತ್ರಾನೂ ಇದೆ. ಜೇನುತುಪ್ಪದಲ್ಲಿ ನೀರೆಷ್ಟು, ಹದ ಎಷ್ಟು ಅಂತ ನೋಡ್ತೀವಿ" ಎಂದಳು.

ಅದನ್ನು ಕೇಳಿ ಹೊಗೆಯಕ್ಕ ನಿಂತಲ್ಲೇ ನಿಂತಳು. "ಆಯ್! ಆಯ್ಯಯ್ಯೋ!" ಎಂದು ಚಾಲಕ ಅಷ್ಟರಲ್ಲಿ ಕಿವಿ ಹಿಡಿದು ಕುಣಿಯತೊಡಗಿದ. ಬಲೆಯ ತೂತಿನಿಂದ ತಪ್ಪಿಸಿಕೊಂಡ ಹುಳವೊಂದು ಕಚ್ಚಿತ್ತು. ಅವನು ಒರಗಿ ನಿಂತದ್ದು ಆ ನೀಲಿ ಮುಚ್ಚಳಕ್ಕೆ. ಅಲ್ಲಿ ಒಂದಲ್ಲ, ಮೂವತ್ತು ನಲವತ್ತು ಹುಳ ಮುತ್ತಿಕೊಂಡಿದ್ದವು. ಮುಚ್ಚಳದ ಸುತ್ತ, ಟ್ಯಾಂಕಿನ ಪಕ್ಕಕ್ಕೆ ಹರಿದು ಒಣಗಿದ ಕಲೆಯ ಉದ್ದಕ್ಕೂ. ಪಕ್ಕದ ಡೀಸೆಲ್ ಟ್ಯಾಂಕಿನ ಕಡೆಗೆ ಒಂದೂ ಇಲ್ಲ.

"ಜೇನುಹುಳಕ್ಕೆ ಯೂರಿಯಾ ಇಷ್ಟಾನಾ?" ಎಂದಳು ಹೊಗೆಯಕ್ಕ ಮೆಲ್ಲಗೆ.

"ಥೂ, ಯಾಕೆ ಇಷ್ಟವಾಗುತ್ತೆ? ಹೂವು, ತುಪ್ಪ, ಸಕ್ಕರೆ ನೀರು..." ಜೇನಿನವಳ ಮಾತು ಅಲ್ಲೇ ನಿಂತಿತು.

ಹೊಗೆಯಕ್ಕ ಓಡಿದಳು. ಒಂದು ಚಮಚದಲ್ಲಿ ಟ್ಯಾಂಕಿನ ದ್ರವ ತೆಗೆದು ಗಂಡನ ಬೆಸುಗೆಯ ಜ್ವಾಲೆಯ ಮೇಲೆ ಹಿಡಿದಳು. ದ್ರವ ಕುದಿಯಿತು, ಇಂಗಿತು. ಮೂಗಿಗೆ ಹೊಡೆಯುವ ಯೂರಿಯಾದ ಘಾಟು ಸ್ವಲ್ಪ ಬಂತು. ಅದರ ಹಿಂದೆಯೇ ಚಮಚ ಕಂದು ಬಣ್ಣಕ್ಕೆ ತಿರುಗಿ, ಸೀದ ಸಕ್ಕರೆಯ ವಾಸನೆ ಗ್ಯಾರೇಜನ್ನೆಲ್ಲ ತುಂಬಿತು. ನನ್ನ ಮುದಿ ಮೂಗಿಗೂ ತಿಳಿಯಿತು!

"ಮೇಷ್ಟ್ರೇ! ಎರಡು ಲೋಟ!" ಎಂದು ಅವಳು ಕೂಗಿದಳು. "ಈ ಕೊಳವೆ ಬೆಳಕು ಎಷ್ಟು ಬಾಗುತ್ತೆ ಅಂತ ಮಾತ್ರ ನೋಡುತ್ತೆ. ಕರಗಿರೋದು ಯೂರಿಯಾನೋ ಸಕ್ಕರೆನೋ ಅದಕ್ಕೇನು ಗೊತ್ತು?"

ನಡೆದದ್ದು ಹೀಗೆ. ಹೂವಿಲ್ಲದ ದಿನಗಳಲ್ಲಿ ಹುಳಗಳಿಗೆ ಕುಡಿಸಲು ಜೇನಿನವಳು ಸಕ್ಕರೆ ನೀರು ಮಾಡಿಡುತ್ತಾಳೆ. ಯೂರಿಯಾದ ಖಾಲಿ ಡಬ್ಬಗಳು ಗಟ್ಟಿಯಾಗಿವೆಯೆಂದು ಅವನ್ನೇ ಚೆನ್ನಾಗಿ ತೊಳೆದು ತುಂಬಿಸಿದ್ದಳು. ನಾಲ್ಕು ದಿನದ ಹಿಂದೆ ಟ್ಯಾಂಕು ತಳ ಕಂಡಾಗ ಮೈದುನ ಡಬ್ಬವೊಂದನ್ನು ಎತ್ತಿ ಸುರಿದಿದ್ದ.

"ಡಬ್ಬದ ಮೇಲೆ ಯೂರಿಯಾ ಅಂತ ಬರೆದಿತ್ತು, ಅತ್ತಿಗೆ! ಓದಿಯೇ ಹಾಕಿದ್ದು!"

"ನೀನು ಓದಿದ್ದೇ ಜೀವನದಲ್ಲಿ ಒಂದು ಸಲ. ಅದೂ ಹೀಗಾಗಬೇಕಾ!" ಎಂದಳು ಅವಳು. ಮರುಕ್ಷಣವೇ ಕಣ್ಣು ತುಂಬಿಕೊಂಡು, "ತುಂಬಿಸಿಟ್ಟವಳು ನಾನೇ ಅಲ್ವಾ" ಎಂದಳು.

"ಅಳೋಕೆ ಟೈಮಿಲ್ಲ ಅಕ್ಕ, ನೀರು ಕಾಯಿಸಿ!" ಎಂದಳು ಹೊಗೆಯಕ್ಕ.

ಆಮೇಲಿನ ಒಂದು ಗಂಟೆ ಯಾರೂ ಕೂರಲಿಲ್ಲ. ಟ್ಯಾಂಕಿನ ತಳದ ತಿರುಪು ಬಿಚ್ಚಿ ಎಲ್ಲವನ್ನೂ ಬಸಿದರು. ಬಿಸಿನೀರಿನಲ್ಲಿ ಮೂರು ಸಲ ತೊಳೆದರು. ಕೊಳವೆಗಳನ್ನೂ ತೊಳೆದು, ಹೊಸ ಫಿಲ್ಟರ್ ಹಾಕಿದರು. ನಳಿಕೆಯ ತುದಿಗೆ ಕಪ್ಪನೆಯ ಅಂಟು ಹೆಪ್ಪುಗಟ್ಟಿತ್ತು. ಯೂರಿಯಾ ಕಟ್ಟಿದರೆ ಬಿಳಿ ಹರಳಾಗಬೇಕು. ಹೊಗೆಯಕ್ಕ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಕೂದಲೆಳೆಯಂಥ ತಂತಿಯಿಂದ ಬಿಡಿಸಿದಳು. ಹೊಸ ಯೂರಿಯಾ ನೀರು ತುಂಬಿಸುವ ಮುನ್ನ ಡಬ್ಬವನ್ನು ಮೂಸಿದಳು. ಚಾಲಕನಿಗೂ ಮೂಸಲು ಕೊಟ್ಟಳು.

ಒಂಬತ್ತಾಯಿತು. ಇನ್ನು ಉಳಿದದ್ದೇ ಕಷ್ಟದ ಹಂತ. ಸೈಲೆನ್ಸರಿನೊಳಗೆ ಸೇರಿದ ಅಂಟು ಸುಟ್ಟುಹೋಗಬೇಕು, ಹೊಗೆ ಶುದ್ಧವಾಗುತ್ತಿದೆಯೆಂದು ಕಂಪ್ಯೂಟರಿಗೆ ಖಾತ್ರಿಯಾಗಬೇಕು. ಆಗ ಮಾತ್ರ ಅದು ಕಟ್ಟು ಬಿಚ್ಚುತ್ತದೆ. ಅದಕ್ಕಾಗಿ ನಿಂತಲ್ಲೇ ಎಂಜಿನ್ನನ್ನು ಜೋರಾಗಿ ಓಡಿಸಿ ಸೈಲೆನ್ಸರನ್ನು ಕುಲುಮೆಯಂತೆ ಕಾಯಿಸಬೇಕು, ಸುಮಾರು ನಲವತ್ತು ನಿಮಿಷ. ಮೇಲೆ ಬಿಸಿಲು, ಕೆಳಗೆ ಕುಲುಮೆ, ನಡುವೆ ಜೇನು.

ಹೊಗೆಯಕ್ಕ ಮೊದಲ ಬಾರಿಗೆ ಗಂಡನ ಮುಖ ನೋಡಿದಳು. "ಏನ್ರೀ ಮಾಡೋದು?"

ದಿನಕ್ಕೆ ನಾಲ್ಕು ಮಾತಾಡದ ಆ ಮನುಷ್ಯ ಆಗಲೇ ಎದ್ದಿದ್ದ. ಬೆಸುಗೆಯ ಕಿಡಿ ತಡೆಯುವ ದಪ್ಪ ಹೊದಿಕೆಗಳನ್ನು ತಂದು ಸೈಲೆನ್ಸರಿಗೂ ಪೆಟ್ಟಿಗೆಗಳಿಗೂ ನಡುವೆ ಕಟ್ಟಿದ. ಹೊಗೆಯ ಬಾಯಿಗೆ ಉದ್ದನೆಯ ಉಕ್ಕಿನ ಕೊಳವೆ ಸಿಕ್ಕಿಸಿ ಹಿಂದಿನ ಬಯಲಿಗೆ ಬಿಟ್ಟ. ಅಂಗಡಿಗಳಿಂದ ಗೋಣಿಚೀಲ ಬಂದವು. ಅವುಗಳನ್ನು ಒದ್ದೆಮಾಡಿ ಬಿಸಿಲಿನ ಕಡೆಗೆ ಇಳಿಬಿಟ್ಟೆವು. "ಬಲೆ ಮೇಲೆ ಸಣ್ಣಗೆ ನೀರು ಬಿಡ್ತಾ ಇರಿ. ಅವು ನೀರನ್ನ ಗೂಡಿಗೆ ಬಳಿದುಕೊಂಡು ರೆಕ್ಕೆ ಬೀಸಿ ತಂಪು ಮಾಡ್ಕೋತವೆ" ಎಂದು ಜೇನಿನವಳು ನೀರಿನ ಪೈಪನ್ನು ನನ್ನ ಕೈಗೇ ಕೊಟ್ಟಳು. ನಿವೃತ್ತನಾದ ಮೇಲೆ ಇಷ್ಟು ಜವಾಬ್ದಾರಿಯ ಕೆಲಸ ನನಗೆ ಯಾರೂ ವಹಿಸಿರಲಿಲ್ಲ.

ಎಂಜಿನ್ ಗುಡುಗಿತು. ಹೊಗೆಯಕ್ಕ ಸ್ಕ್ಯಾನರ್ ಹಿಡಿದು ಅಂಕಿಗಳನ್ನು ಕೂಗತೊಡಗಿದಳು. "ಹೊರಗೆ ಐನೂರು! ನಾನೂರ ತೊಂಬತ್ತು!" ಹತ್ತು ನಿಮಿಷ ಅಲ್ಲಿಯೇ ನಿಂತಿತು. ಸೀದ ವಾಸನೆ ಹಿಂದಿನ ಬಯಲಿನಿಂದ ಬೀದಿಗೆಲ್ಲ ಹಬ್ಬಿತು. ಜೇನಿನವಳು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕಿವಿ ಇಡುತ್ತ ಹೋದಳು. "ಈ ಸಾಲು ಸುಸ್ತಾಗಿದೆ ಮೇಷ್ಟ್ರೇ, ಇಲ್ಲಿ ಬಿಡಿ!" ನಾನು ತೊಯ್ದು ತೊಪ್ಪೆಯಾಗಿದ್ದೆ.

"ಮುನ್ನೂರ ಅರವತ್ತು!" ಎಲ್ಲರೂ ತಿರುಗಿದೆವು. "ಇನ್ನೂರು! ಬಾ, ಬಾ, ನನ್ನಪ್ಪಾ, ಬಾ... ನೂರ ಹತ್ತು! ಅರವತ್ತು!" ಬೀದಿಯ ಜನರೂ ಪಂದ್ಯ ನೋಡುವವರಂತೆ ಅವಳ ಜೊತೆ ಕೂಗುತ್ತಿದ್ದರು. "ನಲವತ್ತು! ಮೂವತ್ತೈದು! ದೀಪ... ದೀಪ ಆರಿತು!"

ಚಾಲಕ ಜಿಗಿದು ಹತ್ತಿದ. ಉಕ್ಕಿನ ಕೊಳವೆ ಕಿತ್ತರು, ಹೊದಿಕೆ ಬಿಚ್ಚಿದರು. ಹತ್ತು ಗಂಟೆಗೆ ಐದು ನಿಮಿಷವಿರುವಾಗ ಲಾರಿ ಹೆದ್ದಾರಿಗೆ ಏರಿತು. ಎಂಟು ದಾಟಿತು, ಇಪ್ಪತ್ತು ದಾಟಿತು. ನಮ್ಮ ಮುಖಕ್ಕೆ ಧೂಳು ಎರಚಿಕೊಂಡು ಮುಂದೆ ಹೋಯಿತು. ಜೇನಿನವಳು ಕಿಟಕಿಯಿಂದ ಏನೋ ಕೂಗಿದಳು; ಗಾಳಿಯಲ್ಲಿ ಕೇಳಿಸಲಿಲ್ಲ.

ನಾನು ಬಟ್ಟೆ ಬದಲಿಸಲೂ ಮನೆಗೆ ಹೋಗಲಿಲ್ಲ. ಹೊಗೆಯಕ್ಕ ಬೇರೊಂದು ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೂ ಫೋನನ್ನು ಎದೆಯ ಮೇಲೆಯೇ ಇಟ್ಟುಕೊಂಡಿದ್ದಳು. ಹನ್ನೊಂದೂಕಾಲಿಗೆ ಅದು ಬಡಿದುಕೊಂಡಿತು.

"ಲಾರಿ ಮೇಲಿದ್ದ ಹಾಗೇ ಬಾಗಿಲು ತೆಗೆದೆವು!" ಜೇನಿನವಳ ದನಿ. "ಮೂರು ಪೆಟ್ಟಿಗೆ ಸೊರಗಿವೆ, ನೆರಳಿಗಿಟ್ಟಿದೀನಿ, ಬದುಕ್ಕೋತವೆ. ಮಿಕ್ಕ ನೂರ ಹದಿನೇಳೂ ಹೂವಿಗೆ ಹೋಗ್ತಿವೆ. ನಿಲ್ಲಿ, ನಿಲ್ಲಿ, ಕೇಳಿಸ್ತೀನಿ."

ಫೋನಿನಿಂದ ಗುಂಯ್ ಎಂಬ ಸದ್ದು ಬಂತು. ಬೆಳಿಗ್ಗೆ ಲಾರಿಯೊಳಗೆ ಒತ್ತೊತ್ತಾಗಿ ಕೇಳಿಸಿದ್ದ ಆ ಸದ್ದು ಈಗ ಬಯಲಿಗೆಲ್ಲ ಬಿಚ್ಚಿಕೊಂಡಂತಿತ್ತು. ಹೊಗೆಯಕ್ಕ ಫೋನನ್ನು ಎತ್ತಿಹಿಡಿದು ಗಂಡನಿಗೆ ಕೇಳಿಸಿದಳು, ನನಗೆ ಕೇಳಿಸಿದಳು. ಆಮೇಲೆ ಅಭ್ಯಾಸಬಲದಿಂದ ಅದನ್ನು ಮೂಗಿನ ಹತ್ತಿರವೂ ಒಯ್ದು, ನಾನು ನೋಡಿದ್ದು ಕಂಡು ನಕ್ಕುಬಿಟ್ಟಳು.

ಬಳಿಕ ಕೈ ಒರೆಸಿಕೊಂಡು, ಬಳಪ ಹಿಡಿದು, ಕರಿಹಲಗೆಯ ಮುಂದೆ ನಿಂತಳು. ಏನಾಗಿತ್ತು ಎಂಬಲ್ಲಿ ಬರೆದಳು: ಯೂರಿಯಾ ಟ್ಯಾಂಕಿನಲ್ಲಿ ಸಕ್ಕರೆ ನೀರು. ಹೇಗೆ ಗೊತ್ತಾಯಿತು ಎಂಬಲ್ಲಿ ಒಂದು ಗಳಿಗೆ ಯೋಚಿಸಿ, ಅಕ್ಷರ ದುಂಡಗೆ ಮಾಡಿ, ಬರೆದಳು: ಜೇನುಹುಳ ಹೇಳಿತು.