ತೆಗಿ ಅಂದಾಗ ತೆಗೆಯುವ ಕೆಲಸ

"ಇವತ್ತು ರಾತ್ರಿ ಕ್ಯಾಮೆರಾನ ಬಲ್ಬಿಗೆ ಹಾಕ್ಬೇಕು ಕಣೋ, ಬಾ" ಎಂದು ಸೋದರತ್ತೆ ಫೋನಿನಲ್ಲಿ ಹೇಳಿದಳು. ನೀರು ಸರಬರಾಜು ಕಚೇರಿಯ ನಮ್ಮ ಗುಮಾಸ್ತ ಅರವತ್ತು ವ್ಯಾಟಿನ ಬಲ್ಬೊಂದನ್ನು ಹೋಲ್ಡರ್ ಸಮೇತ ಕೊಂಡುಹೋದ. ಅತ್ತೆ ಬಲ್ಬನ್ನೂ ನೋಡಿದಳು, ಅಳಿಯನನ್ನೂ ನೋಡಿದಳು. "ಎರಡರಲ್ಲಿ ಯಾವುದು ಮೊದಲು ಹತ್ತುತ್ತೋ ನೋಡೋಣ" ಎಂದಳು. ಗುಂಡಿ ಒತ್ತಿದಷ್ಟು ಹೊತ್ತೂ ಕ್ಯಾಮೆರಾ ಕಣ್ಣು ಬಿಟ್ಟುಕೊಂಡೇ ಇರುವುದಕ್ಕೆ ಬಲ್ಬ್ ಎನ್ನುತ್ತಾರೆಂದು ಪದವೀಧರನಾದ ಅವನಿಗೆ ತಿಳಿದದ್ದು ಅಂದೇ.

ಅತ್ತೆಯದು ಬಸ್ ನಿಲ್ದಾಣದ ಎದುರಿನ ಸ್ಟುಡಿಯೋ. "ಗದ್ದ ಮೇಲೆ, ಕಣ್ಣು ಮಿಟುಕಿಸ್ಬೇಡಿ" ಎನ್ನುತ್ತಲೇ ಇಪ್ಪತ್ತೆರಡು ವರ್ಷದಿಂದ ಊರಿನ ಮುಖಗಳನ್ನೆಲ್ಲ ಅಂಚೆಚೀಟಿ ಗಾತ್ರಕ್ಕೆ ಇಳಿಸಿದವಳು. ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಕೆರೆ ದಂಡೆಯಲ್ಲಿ ಬಾಣಬಿರುಸು ಹಾರಿಸುವ ಒಂದು ರಾತ್ರಿ ಮಾತ್ರ ಅವಳಿಗೆ ಆಕಾಶ ಸಿಗುತ್ತಿತ್ತು. ಹೋದ ವರ್ಷ ಬರೀ ಹೊಗೆ ಬಂದಿತ್ತು. "ಈ ಸಲವೂ ಹೀಗಾದ್ರೆ ನಮ್ಮ ಕಾರ್ಖಾನೆ ಕ್ಯಾಲೆಂಡರಿಗೆ ಹೊರಗಿನವರನ್ನ ಕರೆಸ್ತೀವಿ. ನೀವು ಪಾಸ್‌ಪೋರ್ಟ್ ಫೋಟೋ ನೋಡ್ಕೊಳ್ಳಿ" ಎಂದಿದ್ದರು ಮ್ಯಾನೇಜರು, ಬೋಳುತಲೆ ಸವರಿಕೊಳ್ಳುತ್ತ. ಆ ಮಾತು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಬಲ್ಬಿಗೆ ಹಾಕಿದ ಹಳೇ ರೀಲು ಕ್ಯಾಮೆರಾದ ತೆರೆದ ಕಣ್ಣಿಗೆ ಕಪ್ಪು ಟೋಪಿ ಅಡ್ಡ ಹಿಡಿಯುವುದು ಗುಮಾಸ್ತನ ಕೆಲಸ. ಬಾಣ ಸಿಡಿಯುವಾಗ ಅತ್ತೆ "ತೆಗಿ" ಎಂದರೆ ಟೋಪಿ ತೆಗೆಯಬೇಕು, "ಮುಚ್ಚು" ಎಂದರೆ ಮುಚ್ಚಬೇಕು. ಕಚೇರಿಯ ಕಡತಗಳಿಗೆ ಅವನು ದಿನವೂ ಮಾಡುತ್ತಿದ್ದದ್ದು ಅಷ್ಟನ್ನೇ.

ಆದರೆ ಮೊದಲ ಬಾಣಕ್ಕೆ ಅವನ ಬಾಯಿ ತೆರೆಯಿತು, ಟೋಪಿ ತೆರೆಯಲಿಲ್ಲ.

"ಬಾಯಿ ಮುಚ್ಚೋ, ಟೋಪಿ ತೆಗಿಯೋ!"

ಗಡಿಬಿಡಿಯಲ್ಲಿ 'ಮುಚ್ಚು' ಟೋಪಿಗೆ ಹೋಯಿತು, 'ತೆಗಿ' ಬಾಯಿಗೆ. ಆಮೇಲೆ ಕೈ ಕುದುರುವಷ್ಟರಲ್ಲಿ ಗಾಳಿ ತಿರುಗಿ ಹೊಗೆಯೆಲ್ಲ ಇವರ ಮೇಲೇ ಬಂತು. ರೀಲಿನಲ್ಲಿ ಒಂದೇ ಒಂದು ಫೋಟೋ ಉಳಿದಾಗ ಆಕಾಶ ತಿಳಿಯಾಯಿತು. ಕೊನೆಯ ದೊಡ್ಡ ಬಾಣಕ್ಕೆ ಬೆಂಕಿ ಮುಟ್ಟಿಸುತ್ತಿದ್ದಾರೆ, ಮುಂದಿನ ಸಾಲಿನ ಕುರ್ಚಿಯಿಂದ ಯಾರೋ ಎದ್ದು ನಿಂತರು.

"ಕೂತ್ಕೊಳ್ಳಿ ಸ್ವಾಮಿ! ಕೂತ್ಕೊಳ್ಳಿ! ರೀ, ಕೂತ್ಕೊಳ್ರೀ!" ಬಾಣ ಸುಯ್ಯೆಂದು ಮೇಲೇರಿತು. ಅತ್ತೆಯ ತಾಳ್ಮೆಯೂ ಅದರ ಜೊತೆಗೇ ಹೋಯಿತು. "ತಲೆ ತೆಗೀರಿ!"

ತಲೆ ಅಲ್ಲೇ ಇತ್ತು. ಗುಮಾಸ್ತ ಟೋಪಿ ತೆಗೆದ. ಆಕಾಶ ಸಿಡಿಯಿತು.

"ನಿನಗ್ಯಾರೋ ಹೇಳಿದ್ದು?"

"ನೀನೇ ತೆಗಿ ಅಂದ್ಯಲ್ಲ ಅತ್ತೆ!"

"ನಿನ್ನ ತಲೆ!"

ವಾರದ ನಂತರ ಮ್ಯಾನೇಜರು ಅತ್ತೆ ಅಳಿಯರ ಎದುರು ಫೋಟೋಗಳನ್ನು ಮೇಜಿನ ಮೇಲೆ ಹರಡಿಕೊಂಡರು. ಹೊಗೆ, ಹೊಗೆ, ಕತ್ತಲು, ಹೊಗೆ. ಕೊನೆಯದರಲ್ಲಿ ಮಾತ್ರ ನುಣ್ಣನೆಯ ಕಪ್ಪು ಗುಡ್ಡದ ನೆತ್ತಿಯಿಂದ ಚಿನ್ನದ ಮಳೆ ಚಿಮ್ಮುತ್ತಿತ್ತು.

"ಅಬ್ಬಬ್ಬಾ! ಕ್ಯಾಲೆಂಡರಿಗೆ ಇದೇ ಇರ್ಲಿ" ಎಂದರು ಮ್ಯಾನೇಜರು. ಅತ್ತೆಯ ಮುಖ ಅರಳಿತು. ಅವರು ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದರು. "ಅಲ್ಲಾ ಅಮ್ಮಾ, ನಮ್ಮ ಕೆರೆ ಹತ್ರ ಗುಡ್ಡ ಎಲ್ಲಿದೆ?"

ಗುಮಾಸ್ತ ಮೇಜಿನಡಿ ಅತ್ತೆಯ ಕಾಲು ತುಳಿದ. "ಅದು ಸಾರ್, ಹೊಗೆ ಗಟ್ಟಿಯಾಗಿ..." ಎಂದು ಶುರುಮಾಡಿದ.

"ನೀನು ಸುಮ್ನಿರೋ" ಎಂದಳು ಅತ್ತೆ. "ಗುಡ್ಡ ಅಲ್ಲ ಸ್ವಾಮಿ, ನಿಮ್ಮ ತಲೆ. ಕೂತ್ಕೊಳ್ಳಿ ಅಂತ ಮೂರು ಸಲ ಕೂಗಿದೆ."