ನೀಲಕ್ಕ ಸಾಕಿದ ನೊಣಗಳು

ಬಮ್ಮಿಗಟ್ಟಿಯ ನೀಲಕ್ಕ ಹತ್ತೊಂಬತ್ತು ವರ್ಷ ಧಾರವಾಡದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹಣ್ಣಿನ ನೊಣ ಸಾಕಿದಳು. ರವೆ, ಬೆಲ್ಲ ಕುದಿಸಿ ಅವಕ್ಕೆ ಊಟ ತಯಾರಿಸುವುದು, ಬಾಟಲಿ ಬದಲಿಸುವುದು ಅವಳ ಕೆಲಸ.

ಸಂಶೋಧನೆಗೆ ಬಂದ ಶುಭಾ, ನೀಲಕ್ಕನದೇ ಮಾವಿನ ತೋಟದಿಂದ ಎರಡು ಜಾತಿಯ ನೊಣ ಹಿಡಿದು ತಂದಿದ್ದಳು. ನೋಡಲು ಎರಡೂ ಒಂದೇ ಥರ. ಬಿದ್ದ ಒಂದೇ ಹಣ್ಣಿನ ಮೇಲೆ ಕೂರುತ್ತಿದ್ದವು, ಆದರೆ ಒಂದರೊಡನೊಂದು ಕೂಡುತ್ತಿರಲಿಲ್ಲ.

"ಗಂಡು ರೆಕ್ಕಿ ನಡುಗಿಸಿ ಹಾಡ್ತದ್ರಿ ನೀಲಕ್ಕಾ. ರಾಗ ತನ್ನ ಜಾತೀದಲ್ಲಂದ್ರ ಹೆಣ್ಣು ಒದ್ದು ಓಡಸ್ತದ," ಎಂದಿದ್ದಳು ಶುಭಾ.

ಒಂದೇ ಬಾಟಲಿಯಲ್ಲಿ ಕೂಡಿಹಾಕಿದಾಗ ಬೇರೆ ದಾರಿಯಿಲ್ಲದೆ ಕೆಲವು ಕೂಡಿದವು. ಹುಟ್ಟಿದ ಮಿಶ್ರ ಗಂಡುಗಳು ಗಟ್ಟಿಮುಟ್ಟಾಗಿದ್ದವು. ಆದರೆ ಅವುಗಳ ಜೊತೆ ಬಿಟ್ಟ ಹೆಣ್ಣುಗಳ ತತ್ತಿ ಒಂದೂ ಒಡೆಯಲಿಲ್ಲ. ಆದರೂ ಆ ಗಂಡುಗಳು ಸಾಯುವವರೆಗೆ ರೆಕ್ಕೆ ನಡುಗಿಸುತ್ತಲೇ ಇದ್ದವು. ನೀಲಕ್ಕ ಭೂತಗನ್ನಡಿ ಹಿಡಿದು ನೋಡುತ್ತ ನಿಂತುಬಿಡುತ್ತಿದ್ದಳು.

ಒಂದು ಸೋಮವಾರ ಅಂಥದೊಂದು ಬಾಟಲಿಯಲ್ಲಿ ಮರಿಹುಳು ಹರಿದಾಡಿದವು.

"ಇವಕ್ಕ ಮರಿ ಆಗ್ಯಾವ್ರಿ! ಎರಡೂ ಜಾತಿ ಇನ್ನೂ ಪೂರಾ ಬ್ಯಾರೆ ಆಗಿಲ್ಲ!" ಶುಭಾ ಕುಣಿದಾಡಿದಳು.

ನೀಲಕ್ಕ ಬಾಟಲಿ ತಿರುಗಿಸಿ ತಾನೇ ಬರೆದ ಚೀಟಿ ಓದಿದಳು. ಆ ಬಾಟಲಿಗೆ ಹಾಕುವ ಹೆಣ್ಣುಗಳನ್ನು, ಗೂಡೊಡೆದು ಬಂದ ಎಂಟು ತಾಸಿನೊಳಗೆ, ತಮ್ಮ ಜಾತಿಯ ಗಂಡುಗಳ ಜೊತೆ ಕೂಡುವ ಮೊದಲೇ ಬೇರ್ಪಡಿಸಬೇಕಿತ್ತು. ಅವುಗಳನ್ನು ಆರಿಸಬೇಕಿದ್ದ ದಿನ ದಾರಿಯಲ್ಲಿ ಬಸ್ಸು ಕೆಟ್ಟು ಅವಳು ಮುಟ್ಟಿದ್ದೇ ಮಧ್ಯಾಹ್ನ ಮೂರಕ್ಕೆ. ಆದರೂ ಚೀಟಿಯ ಮೇಲೆ 'ಬೆಳಿಗ್ಗೆ ಎಂಟು' ಎಂದು ಬರೆದಿದ್ದಳು.

ಮೂರು ದಿನ ಸುಮ್ಮನಿದ್ದಳು. ಬೆಲ್ಲ ಕುದಿಯುವಾಗ ಸಾವಿರ ರೆಕ್ಕೆ ತನ್ನ ತಲೆಯೊಳಗೇ ನಡುಗಿದಂತಾಗುತ್ತಿತ್ತು. ನಾಲ್ಕನೆಯ ದಿನ ಬಾಯಿಬಿಟ್ಟಳು.

"ಮೇಡಂ, ಆ ಮರಿ ಮಿಶ್ರ ಗಂಡುಗಳ್ವು ಅಲ್ರಿ. ಹೆಣ್ಣು ಮೊದ್ಲ ಕೂಡಿಬಿಟ್ಟಿದ್ವು. ನಾ ಸುಳ್ಳ ಟೈಮ್ ಬರ್ದೇನ್ರಿ."

ಶುಭಾ ಬೈಯಲಿಲ್ಲ. ಬರೆದ ಹಾಳೆಗಳನ್ನು ಹರಿದು, ಹೊಸದಾಗಿ ಹನ್ನೆರಡು ಬಾಟಲಿ ಹೂಡಿದಳು. ಒಂದರಲ್ಲೂ ಮರಿ ಕಾಣಲಿಲ್ಲ. ಹೆಣ್ಣುಗಳನ್ನು ಆರಿಸುವ ಕೆಲಸವನ್ನು ಅಂದಿನಿಂದ ತಾನೇ ಮಾಡಿಕೊಂಡಳು. ಅದು ನೀಲಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಸಂಶೋಧನೆ ಮುಗಿದಾಗ ಮಿಶ್ರ ಗಂಡುಗಳ ಬಾಟಲಿಗಳನ್ನು ಸಾಯಿಸಲೆಂದು ಫ್ರೀಜರಿನಲ್ಲಿಟ್ಟವಳು ನೀಲಕ್ಕನೇ. ಬಾಗಿಲು ಹಾಕುವಾಗಲೂ ಒಂದು ಗಂಡು ರೆಕ್ಕೆ ಚಾಚಿತ್ತು.

ಈಗ ನಿವೃತ್ತಳಾಗಿ ಊರಲ್ಲಿದ್ದಾಳೆ. ಮನೆಯೊಳಗೆ ಕಳಿತ ಹಣ್ಣು ಇಡಗೊಡುವುದಿಲ್ಲ. ಮೊನ್ನೆ ಸೊಸೆ ಅಮೃತಾ ಬಾಳೆಹಣ್ಣಿನ ಬುಟ್ಟಿ ತಂದಾಗ ಕಸಿದು ಹೊರಗಿಟ್ಟಳು.

"ಅಷ್ಟ ಸಣ್ಣ ನೊಣ ಏನ್ ಮಾಡ್ತಾವ್ರಿ ಅತ್ತೀ?"

"ಏನೂ ಮಾಡಂಗಿಲ್ಲವ್ವಾ. ಹಾಡ್ತಾವ, ಅಷ್ಟ," ಎಂದಳು ನೀಲಕ್ಕ. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದಳು.