ತಾಯಪ್ಪಜ್ಜನ ಸೊನ್ನೆಗಳು

“ಅಮ್ಮಾ, ಗೆರೆ ಇದ್ರೂ ತಾಯಪ್ಪಜ್ಜ ಸೊನ್ನೆ ಹಾಕುದು ಯಾಕೆ?”

ಬುಧವಾರ ಬೆಳಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಹರ್ಷಾ ಕೇಳಿದಳು. ಅವಳಿಗೆ ಆರು ವರ್ಷ. ಶಾಲೆಗೆ ರಜೆ ಇದ್ದ ದಿನ ತಾರಸಿಯಲ್ಲಿ ಅಜ್ಜನ ಕುರ್ಚಿಯ ಪಕ್ಕದಲ್ಲೇ ಆಡುವವಳು. “ದೊಡ್ಡವರಿಗೆ ಗೊತ್ತಿರ್ತದೆ, ನೀನು ಸುಮ್ಮನಿರು” ಎಂದು ಏಳಕ್ಕೆ ಸ್ಕೂಲ್ ಬಸ್ ಹತ್ತಿಸಿದೆ. ಮಾತು ಮಾತ್ರ ನನ್ನ ಜೊತೆ ಮೆಟ್ಟಿಲು ಹತ್ತಿ ವಾಪಸು ಬಂತು.

ತಾಯಪ್ಪಜ್ಜ ಭೋಸರಿಯ ನಮ್ಮ ಕಟ್ಟಡದ ಮೇಲಿನ ಮನೆಯವರು. ಯಾದಗಿರಿ ಕಡೆಯಿಂದ ಹರೆಯದಲ್ಲಿ ಗಾರೆ ಕೆಲಸಕ್ಕೆ ಬಂದು, ಆಮೇಲೆ ಲೋಹಗಾಂವ ವಿಮಾನ ನಿಲ್ದಾಣದಲ್ಲಿ ಎಣ್ಣೆ ಟ್ಯಾಂಕರಿನ ಪೈಪು ಹಿಡಿದರು. ಇಪ್ಪತ್ತಾರು ವರ್ಷ ಅದೇ ಕೆಲಸ. ವಿಮಾನಕ್ಕೆ ಎಣ್ಣೆ ಬಿಡುವ ಮೊದಲು ಗಾಜಿನ ಜಾಡಿಯಲ್ಲಿ ಸ್ವಲ್ಪ ಹಿಡಿದು, ಬೆಳಕಿಗೆ ಎತ್ತಿ ನೋಡಬೇಕಂತೆ. ನೀರಿನ ಹನಿ, ಕಸ, ಏನೂ ಕಾಣದಿದ್ದರೆ ಕಾಗದದಲ್ಲಿ ಸೊನ್ನೆ. “ನನ್ನ ಸೊನ್ನಿ ಬೀಳೂತನಕ ವಿಮಾನ ಅಲಗಾಡತಿದ್ದಿಲ್ಲ ನೋಡು” ಎಂದು ಹೇಳುವಾಗ ಅವರ ಬಾಗಿದ ಬೆನ್ನು ನೆಟ್ಟಗಾಗುತ್ತದೆ.

ನಿವೃತ್ತರಾಗಿ ಮೂರು ವರ್ಷ ಅವರು ಎಂತ ಮಾಡಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹೋದ ಮಳೆಗಾಲ ಮುಗಿದ ಮೇಲೆ ಒಂದು ಸಂಶೋಧನಾ ಸಂಸ್ಥೆಯ ಶೀತಲ ಎಂಬ ಹುಡುಗಿ, ವಿಮಾನದ ಕೆಲಸ ಗೊತ್ತಿದ್ದ ಹಳಬರನ್ನು ಹುಡುಕುತ್ತಾ ಬಂದಳು. ಆ ಕೆಲಸ ಎಂತದ್ದೆಂದು ಅಜ್ಜ ನನಗೆ ಬಟ್ಟೆ ಹಿಂಡುವ ಹೊತ್ತಿನಲ್ಲಿ ಹೇಳಿಕೊಟ್ಟಿದ್ದರು.

“ಎಣ್ಣಿ ಸುಟ್ಟ ಮಸಿ ಇರ್ತದಲ್ಲ ಯವ್ವಾ, ಮ್ಯಾಲಿನ ಥಂಡ್ಯಾಗ ಅದರ ಸುತ್ತ ನೀರು ಹೆಪ್ಪುಗಟ್ಟಿ ಬೆಳ್ಳಗ ಗೆರಿ ಆಗ್ತದ. ಕೆಲವು ಲಗೂನ ಕರಗ್ತಾವ. ಕೆಲವು ಅಗಲಾಗಿ ಕೌದಿ ಹೊಚ್ಚಿದಂಗ ಕುಂದರ್ತಾವ, ನೆಲದ ಕಾವು ಮ್ಯಾಲ ಹೋಗ್ಲಾಕ ಬಿಡಂಗಿಲ್ಲ.”

ಮಸಿ ಕಡಿಮೆ ಬರುವ ಎಣ್ಣೆಯೂ ಇದೆ. ಆದರೆ ಸಿಗುವುದು ಸ್ವಲ್ಪ. ಎಲ್ಲ ವಿಮಾನಗಳಿಗೂ ಹಂಚಿದರೆ ಯಾವುದಕ್ಕೂ ಸಾಲದು. ಅದಕ್ಕಾಗಿ ಗೆರೆ ಬಿಟ್ಟು ಹೋಗುವ ವಿಮಾನಗಳನ್ನೇ ಆರಿಸಿ ಹಾಕುವ ಪ್ರಯೋಗ ಅದು. ಅಜ್ಜ ಬೆಳಗ್ಗೆ ಎರಡು ತಾಸು ತಾರಸಿಯಲ್ಲಿ ಕೂತು, ಪಟ್ಟಿಯಲ್ಲಿದ್ದ ವಿಮಾನ ಹೋದಾಗ ಗೆರೆ ಎಷ್ಟು ನಿಮಿಷ ನಿಂತಿತೆಂದು ಬರೆಯಬೇಕು. ಗೆರೆಯೇ ಬೀಳದಿದ್ದರೆ ಸೊನ್ನೆ. ಮೋಡ ಮುಚ್ಚಿ ಕಾಣದಿದ್ದರೆ ಆ ಜಾಗ ಖಾಲಿ ಬಿಡಬೇಕು.

“ಕಣ್ಣಮುಂದಿನ ಉಪ್ಪಿನ ಡಬ್ಬಿ ಕಾಣಂಗಿಲ್ಲ, ಮುಗಿಲಾಗಿನ ಗೆರಿ ನೋಡ್ತಾನಂತ” ಎಂದು ಅವರ ಹೆಂಡತಿ ಅವ್ವಮ್ಮ ನಗಾಡುತ್ತಿದ್ದರು.

“ನಿನ್ನ ಡಬ್ಬಿ ಮುಗಿಲಾಗ ಹಾರಲಿ, ಆವಾಗ ನೋಡ್ತೀನಿ.”

ಹಾಗೆ ನಗಾಡಿದರೂ, ನೀರು ಬರುವ ಹೊತ್ತಿಗೆ ನಲ್ಲಿಯ ಹತ್ತಿರ ಎಲ್ಲರಿಗೂ “ನಮ್ಮವರು ಆಫೀಸಿನ ಕೆಲಸದಾಗ ಅದಾರ” ಎನ್ನುತ್ತಿದ್ದವರೂ ಅವ್ವಮ್ಮನೇ.

ಏಳೂ ಇಪ್ಪತ್ತಕ್ಕೆ ದಕ್ಷಿಣಕ್ಕೆ ಹೋಗುವ ಒಂದು ವಿಮಾನವಿದೆ. ಮೊದಮೊದಲು ಅದರ ಗೆರೆ ಅರ್ಧ ತಾಸು ನಿಲ್ಲುತ್ತಿತ್ತು. ದೀಪಾವಳಿಯಿಂದ ಈಚೆಗೆ ಅಜ್ಜನ ಪಟ್ಟಿಯಲ್ಲಿ ಅದಕ್ಕೆ ಸೊನ್ನೆಯ ಮೇಲೆ ಸೊನ್ನೆ. ಅದಕ್ಕೆ ಇನ್ನು ಒಳ್ಳೆಯ ಎಣ್ಣೆ ಬೇಡವೆಂದು ಹೋದ ತಿಂಗಳು ಸಂಸ್ಥೆಯವರು ಕೊಡುವುದನ್ನೇ ನಿಲ್ಲಿಸಿದರು. “ಏಳೂ ಇಪ್ಪತ್ತರದು ಸುಧಾರಿಸ್ತು” ಎಂದು ಅಜ್ಜ ಹರ್ಷಾಳಿಗೆ ಚಿಕ್ಕಿ ಕೊಟ್ಟಿದ್ದರು.

ಬುಧವಾರ ನಾನು ಬಕೆಟ್ ಹಿಡಿದು ತಾರಸಿಗೆ ಹೋದಾಗ ಅದೇ ವಿಮಾನ ದಾಟುತ್ತಿತ್ತು. ಹಿಂದೆ ಬೆಳ್ಳನೆಯ ಗೆರೆ, ನೋಡುತ್ತಿದ್ದಂತೆ ಅಗಲವಾಯಿತು. ಅಜ್ಜ ಹುಬ್ಬಿನ ಮೇಲೆ ಕೈಯಿಟ್ಟು ಮೇಲೆ ನೋಡಿದರು. ಗಡಿಯಾರ ನೋಡಿದರು. ಮತ್ತೊಮ್ಮೆ ಮೇಲೆ ನೋಡಿ, ನಿಧಾನವಾಗಿ ಒಂದು ಗುಂಡನೆಯ ಸೊನ್ನೆ ಬರೆದರು.

“ಅಜ್ಜಾ, ಗೆರೆ ಉಂಟಲ್ಲ.”

“ಎಲ್ಲಿ?”

“ನೀರಿನ ಟಾಕಿಯ ಮೇಲೆ.”

ಅವರು ಟಾಕಿಯ ಕಡೆ ತಿರುಗಿದರು. ಮುಖವನ್ನು ಆಚೆ ಈಚೆ ಹೊರಳಿಸಿ ಹುಡುಕಿದರು. ಆ ಹುಡುಕಾಟ ನೋಡಲಾಗದೆ ನಾನು ಒಂದೇ ದಿಂಬಿನ ಕವರನ್ನು ಮತ್ತೆ ಮತ್ತೆ ಕೊಡವಿದೆ.

“ಎಷ್ಟು ದಿನದಿಂದ ಕಾಣುದಿಲ್ಲ ಅಜ್ಜಾ?”

“ಶನಿವಾರದ ತನಕ ಕಾಣಂಗಿಲ್ಲ ಅಂತ ಗೊತ್ತೇ ಇದ್ದಿಲ್ಲ ಯವ್ವಾ. ಗೆರಿ ಬೀಳವಲ್ಲದು ಅಂತ ತಿಳಕೊಂಡಿದ್ದೆ. ಜಾಡಿ ಎತ್ತಿ ನೋಡೂದು, ಏನೂ ಕಾಣಲಿಲ್ಲಂದ್ರ ಸಾಫ್. ಕೈಗೆ ಅದೇ ರೂಢಿ.”

ಶನಿವಾರ ಹಡಪಸರದ ಕಣ್ಣಿನ ಡಾಕ್ಟರಲ್ಲಿಗೆ ಒಬ್ಬರೇ ಹೋಗಿದ್ದರಂತೆ. ಅವ್ವಮ್ಮನಿಗೆ ಹೇಳಿರಲಿಲ್ಲ. ಕಾಚಬಿಂದು, ಕಣ್ಣಿನ ಒಳಗಿನ ಒತ್ತಡಕ್ಕೆ ನೋಟ ಮೆಲ್ಲಗೆ ಹೋಗುವ ಕಾಯಿಲೆ, ಎಂದರಂತೆ ಡಾಕ್ಟರು; ಹನಿ ಹಾಕುತ್ತಾ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ.

“ಗೊತ್ತಾದ ಮ್ಯಾಲೂ ನಾಕು ದಿನ ಸೊನ್ನಿ ಹಾಕೀನಿ. ಖಾಲಿ ಬಿಟ್ರ ಕೇಳ್ತಾರಲ್ಲ, ಮುಗಿಲು ಸಾಫ್ ಇತ್ತು, ಯಾಕ ಬಿಟ್ಟಿ ಅಂತ. ಮತ್ತ ಮೆಟ್ಟಿಲ ಮ್ಯಾಲ ಕುಂದ್ರಬೇಕು.” ಗಡಿಯಾರ ನೋಡಿ ಕೇಳಿದರು, “ಇನ್ನೂ ಅದ?”

“ಉಂಟು.”

ಪಂಚೆ, ಲಂಗ, ನನ್ನ ಗಂಡ ಲತೇಶರ ಹೋಟೆಲ್ ಕೆಲಸದ ಅಂಗಿಗಳು, ಎಲ್ಲ ಒಣಹಾಕಿ ಮುಗಿಯಿತು. ಅವರು ಮತ್ತೆ ಕೇಳಿದರು. ಗೆರೆ ಈಗ ಗೆರೆಯಾಗಿರಲಿಲ್ಲ, ಅರ್ಧ ಆಕಾಶಕ್ಕೆ ತೆಳ್ಳಗೆ ಹರಡಿತ್ತು. ನಾನು ಹೇಳಿದೆ.

“ಒಳ್ಳೆ ಎಣ್ಣಿ ಹಾಕಿದ್ರ ಅಷ್ಟು ಬೀಳತಿದ್ದಿಲ್ಲ. ಆ ಕೌದಿ ನಾನೇ ಹೊಚ್ಚೀನಿ.”

ನನಗೆ ತಡೆಯಲಾಗಲಿಲ್ಲ. “ನಾನು ದಿನಾ ಇಲ್ಲೇ ಇರ್ತೇನೆ ಅಜ್ಜಾ. ನೋಡಿ ಹೇಳ್ತೇನೆ, ನೀವು ಬರೆದುಕೊಳ್ಳಿ. ಯಾರಿಗೂ ಗೊತ್ತಾಗುದಿಲ್ಲ.”

“ನಿನ್ನ ಕಣ್ಣು, ನನ್ನ ಸಹಿ. ಅದೂ ಖೊಟ್ಟೀನ.” ಅವರು ಪೆನ್ನಿನ ಟೊಪ್ಪಿಗೆ ಹಾಕಿ ಪಟ್ಟಿಯನ್ನು ನನ್ನ ಕೈಗಿಟ್ಟರು. “ನೀ ದಿನಾ ನೋಟಬುಕ್ಕಿನಾಗ ಬರೀತಿ ಅಂತ ಹರ್ಷಾ ಹೇಳ್ಯಾಳ. ನನಗೊಂದು ಕಾಗದ ಬರದು ಕೊಡು, ಶೀತಲ ಮೇಡಮ್‌ಗ. ದೀಪಾವಳಿಯಿಂದ ಈಕಡಿನ ಸೊನ್ನಿ ಎಲ್ಲಾ ಹೊಡದು ಹಾಕ್ರಿ, ಏಳೂ ಇಪ್ಪತ್ತರದಕ್ಕ ಎಣ್ಣಿ ಕೊಡ್ರಿ ಅಂತ.”

“ಕಣ್ಣಿನ ತೊಂದರೆಯಿಂದ ಹೀಗಾಯ್ತು ಅಂತ ಬರೀತೇನೆ ಅಜ್ಜಾ.”

“ಅದು ಕೆಳಗ ಬರಿ. ಮ್ಯಾಲ ಆ ನಾಕು ದಿನದ್ದು ಬರಿ, ಗೊತ್ತಿದ್ದೂ ಹಾಕ್ಯಾನ ಅಂತ. ನೀ ಮೆತ್ತನ ಮನಸಿನಾಕಿ. ಕಾಗದ ಮೆತ್ತಗ ಮಾಡಬ್ಯಾಡ ಯವ್ವಾ.”